ಆಂಥೂರಿಯಂ ಗಿಡಕ್ಕೆ ಯಾವ ಮಳೆಗೆ ಎಷ್ಟು ನೀರು?

ಜಗಲಿಯ ಅಂಚಿನಲ್ಲಿ, ನೇರ ಬಿಸಿಲು ತಾಗದ ಕಡೆ, ಕೆಂಪು ಹೂವು ಹೊತ್ತು ನಿಂತ ಆಂಥೂರಿಯಂ ಗಿಡಗಳನ್ನು ನೋಡಿದವರು ಮೊದಲು ಕೇಳುವುದು ಗೊಬ್ಬರ ಏನು ಹಾಕುತ್ತೀರಿ ಎಂದು. ಗೊಬ್ಬರದ ಮಾತು ಆಮೇಲಾಗಲಿ. ಈ ಗಿಡದ ಅಳಿವು ಉಳಿವು ನಿಂತಿರುವುದು ನೀರಿನ ಮೇಲೆ, ಅದರಲ್ಲೂ ನಾವು ಕೈ ತಡೆದು ಕೊಡದೆ ಉಳಿಸುವ ನೀರಿನ ಮೇಲೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಬಾಯಾರಿ ಸತ್ತ ಆಂಥೂರಿಯಂ ಅಪರೂಪ. ಬೇರು ಕೊಳೆತು ಸತ್ತದ್ದೇ ಹೆಚ್ಚು.

ಇದರ ತವರು ದಕ್ಷಿಣ ಅಮೆರಿಕದ ಕೊಲಂಬಿಯ ಮತ್ತು ಈಕ್ವೆಡಾರ್ ದೇಶಗಳ ಮಳೆಕಾಡು. ಅಲ್ಲಿ ದೊಡ್ಡ ಮರಗಳ ನೆರಳಿನಲ್ಲಿ, ಕಾಂಡವನ್ನು ಹಿಡಿದುಕೊಂಡೋ ಕೊಳೆತ ದರಗಿನ ಮೇಲೆ ಬೇರು ಹರಡಿಕೊಂಡೋ ಅದು ಬೆಳೆಯುತ್ತದೆ. ಮಳೆ ಎಷ್ಟೇ ಸುರಿದರೂ ನೀರು ಬೇರಿನ ಬಳಿ ನಿಲ್ಲದೆ ಇಳಿದುಹೋಗುತ್ತದೆ, ಗಾಳಿ ಮಾತ್ರ ಸದಾ ತೇವವಾಗಿರುತ್ತದೆ. ನಮ್ಮ ಕೆಸು, ಸುವರ್ಣಗಡ್ಡೆಗಳ ಕುಟುಂಬಕ್ಕೇ ಸೇರಿದ್ದರಿಂದ ಇದರ ರಸ ತಾಗಿದರೆ ಕೈ ತುರಿಸುವುದೂ ಉಂಟು. ಆದರೆ ಬಚ್ಚಲ ನೀರು ಹರಿಯುವ ಹಿತ್ತಿಲಲ್ಲಿ ಕೆಸು ಸೊಂಪಾಗಿ ಬೆಳೆಯುತ್ತದೆಂದು ಆಂಥೂರಿಯಂ ಗಿಡವನ್ನೂ ಅಲ್ಲಿ ನೆಟ್ಟರೆ ಅದು ಒಂದು ಮಳೆಗಾಲವನ್ನೂ ದಾಟಲಾರದು. ಬೇರಿಗೆ ಗಾಳಿ, ಎಲೆಯ ಸುತ್ತ ತಂಪು ಎರಡೂ ಏಕಕಾಲಕ್ಕೆ ಬೇಕಾದ ಗಿಡವಿದು.

ಆದ್ದರಿಂದ ನೀರಿನ ಲೆಕ್ಕ ಕುಂಡ ತುಂಬಿಸುವಾಗಲೇ ಶುರುವಾಗುತ್ತದೆ. ಬರೀ ಕೆಮ್ಮಣ್ಣು ತುಂಬಿದ ಕುಂಡಕ್ಕೆ ಎಷ್ಟು ಹಿಡಿತದಿಂದ ನೀರು ಹಾಕಿದರೂ ಅದು ಒಳಗೇ ಕೆಸರಾಗುತ್ತದೆ. ತೆಂಗಿನಕಾಯಿ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆಯ ಚೂರು, ಚೆನ್ನಾಗಿ ಕಳಿತ ದರಗಿನ ಗೊಬ್ಬರ, ಇವಿಷ್ಟು ಸಾಕು. ಮಣ್ಣು ಹಾಕಲೇಬೇಕೆನಿಸಿದರೆ ಒಂದು ಹಿಡಿಗಿಂತ ಹೆಚ್ಚು ಬೇಡ. ಸಿಪ್ಪೆಯನ್ನು ಕೆಲವು ದಿನ ನೀರಿನಲ್ಲಿ ನೆನೆಸಿ, ಕಂದು ಬಣ್ಣದ ಒಗರು ನೀರನ್ನು ಎರಡು ಮೂರು ಸಲ ಚೆಲ್ಲಿ ಬಳಸಬೇಕು. ಮಣ್ಣಿನ ಕುಂಡ ತನ್ನ ಮೈಯಿಂದಲೂ ನೀರನ್ನು ಆರಿಸುವುದರಿಂದ ಮಳೆನಾಡಿಗೆ ಅದೇ ಒಳ್ಳೆಯದು. ಬಯಲುಸೀಮೆಯವರಿಗೆ ಮತ್ತು ಬೇಸಿಗೆಯಲ್ಲಿ ಮನೆ ಬಿಟ್ಟು ಓಡಾಡುವವರಿಗೆ ಪ್ಲಾಸ್ಟಿಕ್ ಕುಂಡ ಅನುಕೂಲ.

ಎಷ್ಟು ದಿನಕ್ಕೊಮ್ಮೆ ನೀರು ಎಂದು ಕೇಳುವವರಿಗೆ ದಿನದ ಲೆಕ್ಕ ಕೊಡುವುದಕ್ಕೆ ನನಗೆ ಮನಸ್ಸಿಲ್ಲ. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಸಿಪ್ಪೆಯೊಳಗೆ ಇಳಿಸಿ ನೋಡಿ; ತುದಿಗೆ ತಂಪು ತಾಗಿದರೆ ಆ ದಿನ ನೀರು ಬೇಡ. ಕೆಲವು ವಾರ ಹೀಗೆ ಮಾಡಿದ ಮೇಲೆ ಕುಂಡವನ್ನು ಸ್ವಲ್ಪ ಎತ್ತಿದರೆ ಸಾಕು, ಭಾರದಿಂದಲೇ ಗೊತ್ತಾಗುತ್ತದೆ. ಮೇಲ್ಮೈಯನ್ನು ನೋಡಿ ಮಾತ್ರ ತೀರ್ಮಾನಿಸಬಾರದು, ಏಕೆಂದರೆ ಮೇಲಿನ ಸಿಪ್ಪೆ ಅರ್ಧ ದಿನದ ಗಾಳಿಗೆ ಒಣಗಿ ಬೆಳ್ಳಗಾದರೂ ತಳದಲ್ಲಿ ಹಿಂದಿನ ವಾರದ ನೀರು ಹಾಗೆಯೇ ಇರುತ್ತದೆ. ಹಾಕಬೇಕಾದ ದಿನ ಅರೆಬರೆ ಚಿಮುಕಿಸದೆ, ಬುಡದ ತೂತಿನಿಂದ ಇಳಿದು ಹೋಗುವಷ್ಟು ಹಾಕಿ, ಕೆಳಗಿನ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು.

ರೋಹಿಣಿ ಮಳೆ ಮುಗಿದು ಮೃಗಶಿರಾ ಹಿಡಿಯುವ ಹೊತ್ತಿಗೆ, ಅಂದರೆ ಜೂನ್ ಮೊದಲ ವಾರದೊಳಗೆ, ಕುಂಡಗಳ ಜಾಗ ಬದಲಾಗಿರಬೇಕು. ಮೊದಲ ನಾಲ್ಕಾರು ಮಳೆಯಲ್ಲಿ ಗಿಡ ನೆನೆದರೆ ಎಲೆಯ ಧೂಳು ತೊಳೆದು ಹೊಸ ಕಳೆ ಬರುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ಆರಿದ್ರಾದಿಂದ ಆಶ್ಲೇಷದವರೆಗಿನ, ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗಿನ ಮಳೆಗೆ ಗಿಡವನ್ನು ಅಂಗಳದಲ್ಲಿ ಬಿಡುವಂತಿಲ್ಲ. ಜಗಲಿಗೆ ತಂದಿಟ್ಟರೂ ಸೂರಿನ ನೀರು ಬೀಳುವ ಸಾಲಿನಿಂದ ಎರಡು ಅಡಿ ಒಳಗಿರಬೇಕು. ಹಂಚಿನಿಂದ ಧಾರೆ ಬಿದ್ದು ಸಿಡಿದ ಮಣ್ಣು ಎಲೆಗೆ ಮೆತ್ತಿಕೊಳ್ಳುವುದರಿಂದಲೇ ಅನೇಕ ರೋಗಗಳು ಹತ್ತುತ್ತವೆ. ಕುಂಡದ ಕೆಳಗೆ ಎರಡು ಇಟ್ಟಿಗೆಗಳನ್ನಿಟ್ಟು ತೂತು ಬಿಡುವಾಗಿರುವಂತೆ ನೋಡಿಕೊಳ್ಳಿ. ಈ ತಿಂಗಳುಗಳಲ್ಲಿ ತಟ್ಟೆಯನ್ನು ತೆಗೆದಿಡುವುದೇ ಮೇಲು. ಆಗುಂಬೆಯ ಸುತ್ತಮುತ್ತ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಸುರಿಯುವಲ್ಲಿ ಜಗಲಿಯೊಳಗಿನ ಸಿಪ್ಪೆಯೂ ಗಾಳಿಯ ತೇವವನ್ನೇ ಹೀರಿಕೊಂಡು ಹಸಿಯಾಗಿರುತ್ತದೆ, ಹತ್ತು ಹದಿನೈದು ದಿನ ಒಂದು ಚೊಂಬು ನೀರನ್ನೂ ಕೇಳುವುದಿಲ್ಲ.

ಎಲೆ ಬಾಡಿ ಜೋತಾಡಿದಾಗ ಬಾಯಾರಿಕೆ ಎಂದು ಇನ್ನಷ್ಟು ನೀರು ಸುರಿಯುವುದು ಮಳೆಗಾಲದಲ್ಲಿ ಗಿಡಕ್ಕೆ ಮಾಡುವ ದೊಡ್ಡ ಅಪಚಾರ. ಬೇರು ಕೊಳೆತಾಗಲೂ ಎಲೆ ಅದೇ ರೀತಿ ಬಾಡುತ್ತದೆ, ಏಕೆಂದರೆ ನೀರು ಹೀರುವ ಬೇರೇ ಅಲ್ಲಿ ಉಳಿದಿರುವುದಿಲ್ಲ. ಸಿಪ್ಪೆ ಹಸಿಯಾಗಿದ್ದೂ ಎಲೆ ಬಾಡಿದ್ದರೆ ಗಿಡವನ್ನು ಮೆಲ್ಲಗೆ ಹೊರತೆಗೆದು ಬೇರನ್ನೇ ನೋಡಬೇಕು. ಗಟ್ಟಿಯಾಗಿ ಬಿಳಿಚಿಕೊಂಡು, ತುದಿ ಹಸಿರಾಗಿದ್ದರೆ ಅದು ಜೀವಂತ ಬೇರು. ಬೆರಳಿನ ನಡುವೆ ಹಿಡಿದೆಳೆದಾಗ ಕಂದು ಸಿಪ್ಪೆ ಕಳಚಿ ಕೈಗೆ ಬಂದು, ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ ಅದು ಹೋಯಿತು ಎಂದರ್ಥ. ಅಂಥದ್ದನ್ನೆಲ್ಲ ಹರಿತವಾದ, ಒರೆಸಿದ ಚಾಕುವಿನಿಂದ ತೆಗೆದು, ಕತ್ತರಿಸಿದ ಬಾಯಿಗೆ ಇದ್ದಿಲ ಪುಡಿ ಸವರಿ, ಒಂದು ರಾತ್ರಿ ನೆರಳಿನಲ್ಲಿ ಆರಲು ಬಿಟ್ಟು, ಉಳಿದ ಬೇರಿಗೆ ತಕ್ಕ ಚಿಕ್ಕ ಕುಂಡದಲ್ಲಿ ಹೊಸ ಸಿಪ್ಪೆಯೊಡನೆ ನೆಡಬೇಕು. ಎರಡು ಮೂರು ದಿನ ನೀರು ತೋರಿಸಬೇಡಿ. ದೊಡ್ಡ ಕುಂಡಕ್ಕೆ ಹಾಕಿದರೆ ಬೇಗ ಚೇತರಿಸಿಕೊಳ್ಳುತ್ತದೆ ಎಂಬ ಮಾತನ್ನು ಕೇಳಲೇಬೇಡಿ. ಬೇರು ತುಂಬದ ಜಾಗದಲ್ಲಿ ನೀರೇ ತುಂಬಿಕೊಳ್ಳುತ್ತದೆ.

ಎಲೆಯಂಚಿನಲ್ಲಿ ನೀರು ಕುಡಿದಂಥ ಕಲೆ ಮೂಡಿ, ಸುತ್ತ ಹಳದಿ ಅಂಚು ಕಟ್ಟಿ, ಮಧ್ಯ ಸುಟ್ಟಂತಾದರೆ ಅದು ದುಂಡಾಣು ರೋಗದ ಗುರುತು. 1980ರ ದಶಕದಲ್ಲಿ ಹವಾಯಿ ದ್ವೀಪಗಳ ಆಂಥೂರಿಯಂ ಬೆಳೆಗಾರರಿಗೆ ಭಾರೀ ನಷ್ಟ ಉಂಟುಮಾಡಿದ್ದು ಇದೇ ರೋಗ, ಮತ್ತು ಅದು ಎಲೆಯಿಂದ ಎಲೆಗೆ ದಾಟುವುದು ಸಿಡಿಯುವ ನೀರಿನಿಂದ. ಆ ಎಲೆಯನ್ನು ಕೂಡಲೇ ತೆಗೆದು ಸುಟ್ಟುಬಿಡಿ, ಚಾಕುವನ್ನು ಬಿಸಿನೀರಿನಲ್ಲಿ ತೊಳೆಯದೆ ಮತ್ತೊಂದು ಗಿಡಕ್ಕೆ ತಾಗಿಸಬೇಡಿ, ಮಳೆಗಾಲ ಮುಗಿಯುವವರೆಗೆ ನೀರನ್ನು ಬುಡಕ್ಕೆ ಮಾತ್ರ ಹಾಕಿ.

ಹುಬ್ಬ, ಉತ್ತರಾ ಮಳೆಯ ಸಮಯಕ್ಕೆ ಇನ್ನೊಂದು ಬಗೆಯ ಎಡವಟ್ಟು. ಹೊರಗೆ ಆಗಾಗ ಹನಿಯುತ್ತಿರುವುದರಿಂದ ಮಳೆಗಾಲ ಇನ್ನೂ ಇದೆಯಲ್ಲ ಎಂದು ಜಗಲಿಯೊಳಗಿನ ಗಿಡವನ್ನು ಎಲ್ಲರೂ ಮರೆಯುತ್ತಾರೆ, ಅಷ್ಟರಲ್ಲಿ ನಡುನಡುವಿನ ಚುರುಕು ಬಿಸಿಲಿಗೆ ಕುಂಡ ಒಣಗಿರುತ್ತದೆ. ಅಕ್ಟೋಬರಿನಲ್ಲಿ ಚಿತ್ತಾ ಮಳೆಯ ಹೊತ್ತಿಗೆ ಮೂರು ದಿನಕ್ಕೊಮ್ಮೆ ಬೆರಳಿಳಿಸಿ ನೋಡುವ ರೂಢಿ ಮತ್ತೆ ಆರಂಭವಾಗಲಿ.

ಚಳಿಗಾಲದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿಯುವ ರಾತ್ರಿಗಳಲ್ಲಿ ಗಿಡ ಬೆಳೆಯುವುದನ್ನೇ ನಿಲ್ಲಿಸಿ ಕುಳಿತಿರುತ್ತದೆ, ಆದ್ದರಿಂದ ವಾರಕ್ಕೊಮ್ಮೆ, ಬೆಳಗಿನ ಮಂಜು ಕರಗಿ ಬಿಸಿಲೇರಿದ ಮೇಲೆ, ತಣ್ಣಗೆ ಕೊರೆಯದ ನೀರನ್ನು ಹಾಕಿದರೆ ಸಾಕು. ಹೊಸ ಎಲೆ ಬರುತ್ತಿಲ್ಲವೆಂದು ಈ ದಿನಗಳಲ್ಲಿ ಗೊಬ್ಬರದ ನೀರು ಕೊಡುವುದು ವ್ಯರ್ಥ.

ಶಿವರಾತ್ರಿ ಕಳೆದ ಮೇಲೆ ಮಾತು ಬೇರೆ. ಮಾರ್ಚಿನಿಂದ ಮೇ ತನಕ ಗಿಡವನ್ನು ಕಾಡುವುದು ಕುಂಡದ ಬರಕ್ಕಿಂತ ಹೆಚ್ಚಾಗಿ ಒಣಗಾಳಿ. ಕುಂಡ ಆರುವುದನ್ನು ನೋಡಿಕೊಂಡು ಒಂದೆರಡು ದಿನಕ್ಕೊಮ್ಮೆ ಬೆಳಿಗ್ಗೆ ನೀರು ಹಾಕಿ. ಮಧ್ಯಾಹ್ನ ಎಲೆ ಸೊರಗಿದಂತೆ ಕಂಡರೆ ಕುಂಡಕ್ಕೆ ಸುರಿಯುವ ಬದಲು ಸುತ್ತಲಿನ ನೆಲಕ್ಕೆ ನೀರು ಚಿಮುಕಿಸಿ, ಪಕ್ಕದಲ್ಲಿ ನೆನೆಸಿದ ಗೋಣಿಚೀಲ ಹಾಸಿ, ಕುಂಡಗಳನ್ನು ಒತ್ತಾಗಿ ಸೇರಿಸಿಡಿ. ವಯಸ್ಸಾದ ಗಿಡದ ಕಾಂಡ ಉದ್ದವಾಗಿ, ಅದರಿಂದ ಗಾಳಿಯಲ್ಲೇ ಗಿಡ್ಡ ಬೇರುಗಳು ಚಾಚಿಕೊಂಡಿರುತ್ತವೆ. ಅಂಥ ಕಡೆ ತೆಂಗಿನ ನಾರನ್ನು ಕಾಂಡಕ್ಕೆ ಸುತ್ತಿ ಸಡಿಲವಾಗಿ ಕಟ್ಟಿ, ಅದನ್ನು ದಿನವೂ ತುಸು ತೇವಗೊಳಿಸಿದರೆ ಆ ಬೇರುಗಳು ನಾರಿನೊಳಗೆ ಇಳಿದು ಗಿಡಕ್ಕೆ ಎರಡನೆಯ ಬುಡವೇ ಆಗುತ್ತದೆ. ಬೇಸಿಗೆಯ ಯಾವ ಉಪಚಾರವೂ ಇದಕ್ಕೆ ಸಾಟಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಎಲೆಗೆ ನೀರು ಸಿಂಪಡಿಸುವುದಾದರೆ ಬೆಳಗಿನ ಹೊತ್ತೇ ಸರಿ. ಸಂಜೆ ಎಲೆಯ ಬುಡದಲ್ಲಿ ನಿಂತ ನೀರು ರಾತ್ರಿಯಿಡೀ ಆರುವುದಿಲ್ಲ.

ಬೇಸಿಗೆಯಲ್ಲಿ ನೀರು ಯಾವುದು ಎಂಬುದನ್ನೂ ಗಮನಿಸಬೇಕಾಗುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಸತತವಾಗಿ ಹಾಕಿದರೆ ಕುಂಡದ ಹೊರಮೈಯಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿ ಕಂದಾಗಿ ಒಣಗುತ್ತದೆ. ತಿಂಗಳಿಗೊಮ್ಮೆ ಕುಂಡದಲ್ಲಿ ಹಿಡಿಸುವ ನೀರಿನ ಮೂರು ನಾಲ್ಕು ಪಟ್ಟನ್ನು ನಿಧಾನವಾಗಿ ಸುರಿದು ಆ ಉಪ್ಪನ್ನು ತೊಳೆದುಬಿಡಬೇಕು, ಸಾಧ್ಯವಿದ್ದರೆ ಮಳೆಯ ನೀರಿನಿಂದಲೇ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವವರು ಸಾಫ್ಟ್‌ನರ್ ಯಂತ್ರದಿಂದ ಬರುವ ನೀರು ಮೆದುವೆಂದು ನಂಬಿ ಹಾಕಬಾರದು, ಅದರಲ್ಲಿ ಸುಣ್ಣದ ಬದಲಿಗೆ ಸೋಡಿಯಂ ಸೇರಿರುತ್ತದೆ. ಅಕ್ಕಿ ತೊಳೆದ ನೀರನ್ನು ಅಪರೂಪಕ್ಕೆ ತೆಳುವಾಗಿಸಿ ಹಾಕಬಹುದು. ಉಪ್ಪು ಬಿದ್ದ ಅಡುಗೆಮನೆಯ ನೀರು ಮಾತ್ರ ಬೇಡವೇ ಬೇಡ.

ಮದುವೆ ಮುಂಜಿ ಎಂದು ವಾರದ ಮಟ್ಟಿಗೆ ಊರಿಗೆ ಹೊರಡುವವರು ಕುಂಡವನ್ನು ನೀರು ತುಂಬಿದ ಬೋಗುಣಿಯಲ್ಲಿ ಇಟ್ಟು ಹೋಗಬಾರದು. ಹೊರಡುವ ದಿನ ಚೆನ್ನಾಗಿ ನೀರು ಹಾಕಿ, ಒಂದು ಬಕೆಟ್ ನೀರನ್ನು ಸ್ವಲ್ಪ ಎತ್ತರದಲ್ಲಿಟ್ಟು, ಹಳೆಯ ಹತ್ತಿ ಸೀರೆಯ ಅಂಚನ್ನು ಬತ್ತಿಯಂತೆ ಹೊಸೆದು, ನೆನೆಸಿ, ಒಂದು ತುದಿ ಬಕೆಟ್ಟಿನ ತಳದಲ್ಲಿಯೂ ಇನ್ನೊಂದು ತುದಿ ಸಿಪ್ಪೆಯೊಳಗೂ ಇರುವಂತೆ ಇಳಿಬಿಟ್ಟರೆ ನೀರು ನಿಧಾನವಾಗಿ ಇಳಿಯುತ್ತಿರುತ್ತದೆ. ಬತ್ತಿ ದಪ್ಪವಾದಷ್ಟೂ ನೀರು ಬೇಗ ಹರಿಯುವುದರಿಂದ, ಹೊರಡುವ ಮೊದಲು ಒಂದೆರಡು ದಿನ ಮನೆಯಲ್ಲಿರುವಾಗಲೇ ಕಟ್ಟಿ ನೋಡಿ, ಬತ್ತಿಯ ದಪ್ಪವನ್ನು ಸರಿಮಾಡಿಕೊಳ್ಳಿ.