ಮಾತ್ರೆ ಜಾಸ್ತಿ ಆದಷ್ಟೂ ನೋವು ಜಾಸ್ತಿ ಆಗ್ತಿದ್ಯಾ? ಹೀಗೆ ಮಾಡಿ ನೋಡಿ

ನಮ್ಮ ಚಿಕ್ಕಪ್ಪ ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ರೇಷ್ಮೆ ರೀಲಿಂಗ್ (ಗೂಡಿನಿಂದ ನೂಲು ತೆಗೆಯುವುದು) ಮಾಡಿದವರು. ಸೊಂಟ ಹೋಯಿತು, ಡಿಸ್ಕ್ ಆಪರೇಷನ್ ಆಯಿತು, ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಬರೆದುಕೊಟ್ಟರು. ಐದು ದಿನಕ್ಕೆ ಅಂತ ಕೊಟ್ಟಿದ್ದು ಒಂದೂವರೆ ವರ್ಷ ನಡೆಯಿತು. ಹಳೇ ಚೀಟಿ ತೋರಿಸಿದರೆ ಸಾಕು, ಅಂಗಡಿಯವರು ಕೊಡುತ್ತಿದ್ದರು. ದಿನಕ್ಕೆ ಎರಡಿದ್ದದ್ದು ಆರಾಯಿತು. ನೋವು ಮಾತ್ರ ಸೊಂಟ ಬಿಟ್ಟು ತೊಡೆ, ಭುಜ ಅಂತ ಮೈಯೆಲ್ಲಾ ಹರಡಿತು. ಒಂದು ರಾತ್ರಿ ಚಿಕ್ಕಮ್ಮ ರಗ್ಗು ಹೊದಿಸಿದರೆ "ಅಯ್ಯೋ ತೆಗಿಯೇ, ಉರೀತದೆ" ಅಂದರು. ರಗ್ಗು ತಾಗಿದರೆ ಉರಿಯೋದಾ? ಆಗಲೇ ನನಗೆ ಅನುಮಾನ ಬಂದಿದ್ದು.

ಮೊದಲು ಸ್ಟ್ರಿಪ್ಪಿನ ಹಿಂದೆ ಓದಿ. ಟ್ರಮಡಾಲ್, ಟಪೆಂಟಡಾಲ್, ಕೊಡೀನ್, ಮಾರ್ಫಿನ್ ಅಂತಿದ್ದರೆ ಅದು ಅಫೀಮಿನ ಹಾಗೆ ಕೆಲಸ ಮಾಡುವ ಮಾತ್ರೆ. ಟ್ರಮಡಾಲ್ ಅನ್ನು 2018ರಲ್ಲಿ ಮಾದಕವಸ್ತು ಕಾಯ್ದೆಯ ಕೆಳಗೆ ತಂದಿದ್ದು ಸುಮ್ನೆ ಅಲ್ಲ. ಬರೀ ಪ್ಯಾರಾಸಿಟಮಾಲ್ ಅಂತಿದ್ದರೆ ನಿಮ್ಮ ಕಥೆ ಬೇರೆ.

ಇಲ್ಲಿ ಎರಡು ಸಂಗತಿ ಇವೆ. ಒಂದು, ಮೈ ಒಗ್ಗಿಹೋಗುವುದು. ಮಾತ್ರೆ ನರಗಳ ಮೇಲೆ ಔಷಧಿ ಕೂರುವ ಜಾಗಗಳಿಗೆ, ಅಂದರೆ ರಿಸೆಪ್ಟರ್‌ಗಳಿಗೆ, ಅಂಟಿಕೊಂಡು ನೋವಿನ ಸುದ್ದಿಯನ್ನು ತಗ್ಗಿಸುತ್ತದೆ. ದಿನಾ ಇದೇ ಆದರೆ ಅವು ಮೊದಲಿನಂತೆ ಸ್ಪಂದಿಸಲ್ಲ, ಅದೇ ಆರಾಮಕ್ಕೆ ಜಾಸ್ತಿ ಮಾತ್ರೆ ಬೇಕಾಗುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಬೆನ್ನುಹುರಿಯಲ್ಲಿ ನೋವು ಸಾಗಿಸುವ ನರಗಳೇ ಅತಿ ಸೂಕ್ಷ್ಮವಾಗಿ, ಸಣ್ಣ ಸುದ್ದಿಯನ್ನೂ ದೊಡ್ಡದು ಮಾಡಿ ಮೇಲಕ್ಕೆ ಕಳಿಸುತ್ತವೆ. ಇದಕ್ಕೆ ಡಾಕ್ಟರುಗಳು ಹೈಪರಾಲ್ಜೀಸಿಯಾ ಅನ್ನುತ್ತಾರೆ. ನಮ್ಮೂರ ಬೋರ್‌ವೆಲ್ ಹಾಗೇ ಅಂದುಕೊಳ್ಳಿ: ಆಳಕ್ಕೆ ಕೊರೆಸಿದಷ್ಟೂ ನೀರು ಕಮ್ಮಿ, ಬಂದ ನೀರಲ್ಲೂ ಫ್ಲೋರೈಡು.

ವ್ಯತ್ಯಾಸ ಹಿಡಿಯಲು ಒಂದು ನೂರು ಪುಟದ ನೋಟ್‌ಬುಕ್ ಸಾಕು. ನಾನು ಮನುಷ್ಯನ ಆಕಾರ ಒಂದು ಗೀಚಿಕೊಟ್ಟೆ, ಚಿಕ್ಕಪ್ಪ ಪ್ರತಿ ಸಂಜೆ ನೋವಿದ್ದ ಕಡೆ ಪೆನ್ಸಿಲ್ಲಲ್ಲಿ ಕಪ್ಪು ಮಾಡಬೇಕು, ಪಕ್ಕದಲ್ಲಿ ಎಷ್ಟು ಹೊತ್ತಿಗೆ ಎಷ್ಟು ಮಾತ್ರೆ, ಹತ್ತಕ್ಕೆ ಎಷ್ಟು ನೋವು ಅಂತ ಬರೆಯಬೇಕು. ಎರಡು ವಾರ, ಅಷ್ಟೇ. ಮಾತ್ರೆ ಏರಿಸಿದಾಗ ನೋವು ಇಳಿದರೆ ಅದು ಒಗ್ಗಿಹೋಗಿದ್ದಿರಬಹುದು, ಇಲ್ಲಾ ಮೂಲ ಕಾಯಿಲೆಯೇ ಬೆಳೆದಿರಬಹುದು. ಏರಿಸಿದರೂ ಏರಿ, ಹೊಸ ಜಾಗಕ್ಕೆ ಹರಡಿ, ಬಟ್ಟೆ ತಾಗಿದರೂ ನೋವಾದರೆ ಎರಡನೆಯದರ ಅನುಮಾನ ಪಡಬೇಕು. ತೀರ್ಮಾನ ಮಾತ್ರ ಡಾಕ್ಟರದ್ದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯವರು ಕುಡಿಯುವ ನೀರಿನ ವಿಷಯವನ್ನೂ ಹೇಳಿ. ನೀರಿನ ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್ ಕಾಯಿಲೆಯಿಂದಲೂ ಕೀಲು, ಬೆನ್ನು ಬಿಗಿದು ನೋಯುತ್ತವೆ. ಎಲ್ಲಾ ತಪ್ಪನ್ನೂ ಮಾತ್ರೆ ಮೇಲೆ ಹೊರಿಸೋದು ಬೇಡ.

ಈಗ ಮುಖ್ಯ ಮಾತು. ಇದನ್ನು ಓದಿ ಇವತ್ತು ರಾತ್ರಿಯೇ ಮಾತ್ರೆ ಬಿಸಾಕಬೇಡಿ! ಚಿಕ್ಕಪ್ಪ ಅದನ್ನೇ ಮಾಡಿದರು. ಮಾರನೇ ದಿನ ಆಕಳಿಕೆ ಮೇಲೆ ಆಕಳಿಕೆ, ಮೂಗು ಸುರಿತ, ರೋಮ ನಿಮಿರುವುದು, ಭೇದಿ. ರಾತ್ರಿಯೆಲ್ಲಾ ಕಾಲು ಒದರುತ್ತಾ ಕೂತಿದ್ದರು. ನೋವಂತೂ ಎರಡರಷ್ಟು, ಅದನ್ನು ನೋಡಿ ಮನೆಯವರೆಲ್ಲಾ "ನೋಡಿ, ಮಾತ್ರೆ ಬೇಕೇ ಬೇಕು" ಅಂದುಬಿಟ್ಟರು. ಅದು ಹಠಾತ್ತಾಗಿ ಬಿಟ್ಟಿದ್ದರ ಫಲ.

ಇಳಿಸುವುದು ಡಾಕ್ಟರ ಕಣ್ಣೆದುರು, ನಿಧಾನಕ್ಕೆ. ವರ್ಷಕ್ಕಿಂತ ಹೆಚ್ಚು ನುಂಗಿದವರಿಗೆ ತಿಂಗಳಿಗೆ ಹತ್ತನೇ ಒಂದು ಭಾಗ ಅಥವಾ ಅದಕ್ಕಿಂತ ನಿಧಾನವಾಗಿ ಇಳಿಸುವುದು ಸಾಮಾನ್ಯವಾಗಿ ತಡೆದುಕೊಳ್ಳುವಂತಿರುತ್ತದೆ, ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ 2022ರ ಮಾರ್ಗಸೂಚಿಯೂ ಹೀಗೇ ಹೇಳುತ್ತದೆ. ಆರು ಮಾತ್ರೆಯವರಿಗೆ ಅಂದರೆ ತಿಂಗಳಿಗೆ ಸುಮಾರು ಅರ್ಧ ಮಾತ್ರೆ. ಆದರೆ ಸ್ಟ್ರಿಪ್ಪಿನ ಮೇಲೆ ಎಸ್‌ಆರ್ ಅಂತಿದ್ದರೆ ಮುರಿಯಬಾರದು, ನಿಧಾನವಾಗಿ ಬಿಡಬೇಕಾದ ಔಷಧಿ ಒಮ್ಮೆಗೇ ಮೈಗೆ ಸೇರುತ್ತದೆ. ಕಷ್ಟವಾದ ತಿಂಗಳು ಅಲ್ಲೇ ನಿಲ್ಲಿ, ನಾಚಿಕೆ ಏನಿಲ್ಲ. ಇಳಿಸಿದ ಮೇಲೆ ತಡೆಯಲಾರದೆ ಹಳೇ ಲೆಕ್ಕಕ್ಕೆ ಒಂದೇ ಸಲ ಹಾರಬೇಡಿ. ಮೈ ಆ ಅಭ್ಯಾಸ ಮರೆತಿರುತ್ತದೆ, ಉಸಿರೇ ನಿಲ್ಲಬಹುದು. ಜೊತೆಗೆ ಹೆಂಡ ಅಥವಾ ನಿದ್ದೆ ಮಾತ್ರೆ ಬಿದ್ದರೆ ಇನ್ನೂ ಅಪಾಯ. ಟ್ರಮಡಾಲ್ ದಿನಕ್ಕೆ 400 ಮಿಲಿಗ್ರಾಂ ದಾಟಿದರೆ ಫಿಟ್ಸ್ ಬರುವ ಭಯವೂ ಜಾಸ್ತಿ.

ಕ್ಯಾನ್ಸರ್ ನೋವಿಗೆ ಮಾರ್ಫಿನ್ ತಗೊಳ್ಳುವವರು ಇದನ್ನು ಓದಿ ಹೆದರಬೇಡಿ. ಅವರ ಲೆಕ್ಕವೇ ಬೇರೆ. ಅವರ ಡಾಕ್ಟರು ಹೇಳದೆ ಒಂದು ಮಾತ್ರೆಯನ್ನೂ ಬಿಡಬಾರದು.

ಡಾಕ್ಟರ ಹತ್ತಿರ ಹೋದಾಗ "ನೋವು ಜಾಸ್ತಿ" ಅಂತ ಮಾತ್ರ ಹೇಳಿದರೆ ಚೀಟಿಯಲ್ಲಿ ಮಾತ್ರೆ ಜಾಸ್ತಿ ಆಗುತ್ತೆ, ಅಷ್ಟೇ. ನೋಟ್‌ಬುಕ್ ಮುಂದಿಟ್ಟು "ಈ ಮಾತ್ರೆಯೇ ನೋವು ಏರಿಸ್ತಿದೆಯಾ, ನಿಧಾನಕ್ಕೆ ಇಳಿಸಬಹುದಾ, ಬದಲಿಗೆ ಏನಿದೆ" ಅಂತ ನೇರವಾಗಿ ಕೇಳಿ. ಬದಲಿ ಇದೆ: ಫಿಸಿಯೋಥೆರಪಿ, ನರದ ನೋವಿಗೆ ಬೇರೆ ಔಷಧಿಗಳು. ಬಿಡುವಾಗ ಮನಸ್ಸು ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಚಟದ ಭಯವಿದ್ದರೆ ಚಟ ಬಿಡಿಸುವ ಸಹಾಯವಾಣಿ 14446, ಎರಡೂ ಉಚಿತ ಕರೆ. ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೆ ಅಂತಲೇ ಬೇರೆ ವಿಭಾಗ ಇದೆ.

ಚಿಕ್ಕಪ್ಪ ಈಗ ಎರಡೂವರೆ ಮಾತ್ರೆಗೆ ಬಂದಿದ್ದಾರೆ. ಸೊಂಟ ಇನ್ನೂ ನೋಯುತ್ತದೆ, ಅದು ಹೋಗಿಲ್ಲ. ನೋಟ್‌ಬುಕ್ಕಿನ ಬೊಂಬೆಯಲ್ಲಿ ಭುಜ, ತೊಡೆ ಬಿಳಿಯಾಗಿವೆ. ಹೋದ ವಾರ ರಗ್ಗು ಎಲ್ಲಿಟ್ಟಿದ್ದೀಯ ಅಂತ ಅವರೇ ಕೇಳಿದರಂತೆ.