ಕ್ರೀಡಾಂಗಣದ ವಿವಾದದಲ್ಲಿ ದನಿಯೆತ್ತುವ ಮುನ್ನ ಮಾಡಿಕೊಳ್ಳಬೇಕಾದ ತಯಾರಿ

ಕ್ರೀಡಾಂಗಣದ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಮೊದಲು ಕೇಳಿಬರುವುದು ಆಸನಗಳ ಸಂಖ್ಯೆ, ಅದರ ಬೆನ್ನಿಗೆ ಕೋಟಿಗಳ ಲೆಕ್ಕ. ಆದರೆ ಜಗಳ ನಿಜವಾಗಿ ತೀರ್ಮಾನವಾಗುವುದು ಮೈದಾನ ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಕರಾರಿನ ಮೇಲೆ ಯಾರ ಕೈಯಲ್ಲಿರುತ್ತದೆ ಎಂಬುದರ ಮೇಲೆ. ತಂಡದ ಅಭಿಮಾನಿ, ಓಟಗಾರ್ತಿಯ ತಂದೆ, ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಕ್ರೀಡಾಂಗಣದ ಪಕ್ಕದ ಬೀದಿಯ ನಿವಾಸಿ ಹೀಗೆ ಯಾರೇ ಆಗಲಿ, ಸಭೆಯಲ್ಲಿ ಮಾತಾಡುವ ಅಥವಾ ಮನವಿ ಸಲ್ಲಿಸುವ ಮೊದಲು ಯಾವ ಕಾಗದ ಓದಬೇಕು, ಏನನ್ನು ಅಳೆಯಬೇಕು, ಏನನ್ನು ಕೇಳಬೇಕು ಎಂಬುದನ್ನು ಬೆಂಗಳೂರು ಮತ್ತು ಮೈಸೂರಿನ ಉದಾಹರಣೆಗಳ ಮೂಲಕ ಇಲ್ಲಿ ವಿವರಿಸಿದೆ.

ಜಾಗ ಯಾರದು, ಬಳಕೆ ಯಾರದು

ಜಾಗದ ಒಡೆತನ ಒಬ್ಬರದು, ನಿರ್ವಹಣೆ ಇನ್ನೊಬ್ಬರದು, ಆಟ ಮೂರನೆಯವರದು ಎಂಬ ಸ್ಥಿತಿ ನಮ್ಮಲ್ಲಿ ಸಾಮಾನ್ಯ. ಬೆಂಗಳೂರಿನ ಶ್ರೀ ಕಂಠೀರವ ಹೊರಾಂಗಣ ಕ್ರೀಡಾಂಗಣ ರಾಜ್ಯ ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಸೇರಿದ್ದು. ಅಲ್ಲಿ ಪಂದ್ಯವಾಡುವ ಬೆಂಗಳೂರು ಎಫ್‌ಸಿ ಖಾಸಗಿ ಸಂಸ್ಥೆಯ ಫುಟ್‌ಬಾಲ್ ತಂಡ. ಚಿನ್ನಸ್ವಾಮಿ ಕ್ರೀಡಾಂಗಣವನ್ನು ನಡೆಸುವುದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ. ಮೈಸೂರಿನ ಮಾನಸಗಂಗೋತ್ರಿಯ ಕ್ರಿಕೆಟ್ ಮೈದಾನವಿರುವುದು ವಿಶ್ವವಿದ್ಯಾಲಯದ ಜಾಗದಲ್ಲಿ, ಆದರೆ ಅಲ್ಲಿ ಪಂದ್ಯಾವಳಿ ನಡೆಸುವುದು ಕ್ರಿಕೆಟ್ ಸಂಸ್ಥೆ. ಹೀಗಾಗಿ ‘ತಂಡದವರು ಬಿಡುತ್ತಿಲ್ಲ’ ಎಂದು ದೂರುವ ಮೊದಲು, ಬಿಡುವ ಅಧಿಕಾರ ಯಾರಿಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಮೈದಾನದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ಆ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆ ನಂಬರ್ ಹಿಡಿದು ಭೂಮಿ ತಂತ್ರಾಂಶದಲ್ಲಿ ಪಹಣಿ ನೋಡಬಹುದು. ನಗರದೊಳಗಿನ ಹಳೆಯ ಜಾಗಗಳಿಗೆ ಪಹಣಿ ಸಿಗದಿದ್ದರೆ ನಗರ ಮಾಪನ ದಾಖಲೆಯನ್ನೋ ಪಾಲಿಕೆಯ ಖಾತಾವನ್ನೋ ಕೇಳಬೇಕಾಗುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆ ಕರಾರು ಸಾಮಾನ್ಯವಾಗಿ ನೋಂದಣಿಯಾಗಿರಬೇಕಾದ್ದರಿಂದ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೃಢೀಕೃತ ಪ್ರತಿ ಪಡೆಯಲು ಸಾಧ್ಯ. ಸರ್ಕಾರವೇ ಜಾಗ ಕೊಟ್ಟಿದ್ದರೆ ಕೆಲವೊಮ್ಮೆ ನೋಂದಾಯಿತ ಪತ್ರದ ಬದಲು ಸರ್ಕಾರಿ ಆದೇಶವಷ್ಟೇ ಇರುತ್ತದೆ. ಆಗ ಆದೇಶದ ಸಂಖ್ಯೆ ಮತ್ತು ದಿನಾಂಕ ನಿಮ್ಮ ಕೈಯಲ್ಲಿರಬೇಕು.

ಕರಾರು ಸಿಕ್ಕ ಮೇಲೆ ಬಾಡಿಗೆಯ ಮೊತ್ತದ ಮೇಲಷ್ಟೇ ಕಣ್ಣು ನೆಡಬೇಡಿ. ಅವಧಿ ಎಂದು ಮುಗಿಯುತ್ತದೆ, ನವೀಕರಣ ತಾನಾಗಿಯೇ ಆಗುತ್ತದೆಯೇ, ಉಪಗುತ್ತಿಗೆಗೆ ಅವಕಾಶವಿದೆಯೇ, ಜಾಗ ಕೊಟ್ಟ ಇಲಾಖೆ ಅಥವಾ ವಿಶ್ವವಿದ್ಯಾಲಯ ತನ್ನ ಕ್ರೀಡಾಪಟುಗಳಿಗೆಂದು ಎಷ್ಟು ದಿನ ಉಳಿಸಿಕೊಂಡಿದೆ ಎಂಬ ನಾಲ್ಕು ಸಂಗತಿಗಳನ್ನು ಗುರುತು ಹಾಕಿಕೊಳ್ಳಿ. ಕೊನೆಯ ಷರತ್ತು ಎಷ್ಟೋ ಕರಾರುಗಳಲ್ಲಿ ಇರುವುದೇ ಇಲ್ಲ, ಅಥವಾ ‘ಪರಸ್ಪರ ಒಪ್ಪಿಗೆಯ ಮೇರೆಗೆ’ ಎಂಬ ಮೂರು ಪದಗಳಲ್ಲಿ ಮುಗಿದುಹೋಗಿರುತ್ತದೆ. ಆ ಮೂರು ಪದಗಳಿಂದ ಲಾಭವಾಗುವುದು ಯಾವಾಗಲೂ ಹಣ ಕೊಡುವವರಿಗೇ ಎಂಬುದು ನನ್ನ ಅಭಿಪ್ರಾಯ.

ಗಂಟೆಗಳ ಲೆಕ್ಕ ಮತ್ತು ಮೀಟರ್‌ಗಳ ಲೆಕ್ಕ

ಕಂಠೀರವದ ವಿವಾದ ಇದಕ್ಕೆ ಒಳ್ಳೆಯ ಪಾಠ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವನ್ನು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, ಆ ಬಳಿಕ ಕಂಠೀರವಕ್ಕೆ ಬಂತು. ತಂಡ ಗೆಲ್ಲುತ್ತಾ ಹೋದಂತೆ ಪ್ರೇಕ್ಷಕರೂ ಹೆಚ್ಚಿದರು. ಅದೇ ಹೊತ್ತಿಗೆ, ತಮ್ಮ ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆ, ಟ್ರ್ಯಾಕ್ ಹಾಳಾಗುತ್ತಿದೆ ಎಂದು ಅಥ್ಲೀಟ್‌ಗಳೂ ತರಬೇತುದಾರರೂ ಆಕ್ಷೇಪಿಸಿದರು. ಆ ತಕರಾರು ಹೈಕೋರ್ಟ್‌ವರೆಗೂ ಹೋಯಿತು. ಹೊರಗಿನಿಂದ ನೋಡುವವರಿಗೆ ಇದು ಎರಡು ಆಟಗಳ ಪ್ರತಿಷ್ಠೆಯಂತೆ ಕಂಡರೂ ಇದರ ಮೂಲದಲ್ಲಿರುವುದು ಅಳತೆ.

ಪ್ರಮಾಣಿತ 400 ಮೀಟರ್ ಟ್ರ್ಯಾಕ್‌ನ ತಿರುವಿನ ತ್ರಿಜ್ಯ 36.5 ಮೀಟರ್, ಅಂದರೆ ಒಳಗಿನ ಹುಲ್ಲುಹಾಸಿನ ಅಗಲ 73 ಮೀಟರ್. ಅಂತರರಾಷ್ಟ್ರೀಯ ಫುಟ್‌ಬಾಲ್ ಅಂಕಣದ ಅಗಲ 68 ಮೀಟರ್, ಉದ್ದ 105 ಮೀಟರ್. ಅಗಲದಲ್ಲಿ ಕಳೆದರೆ ಎರಡೂ ಬದಿಗೆ ಉಳಿಯುವುದು ತಲಾ ಎರಡೂವರೆ ಮೀಟರ್ ಮಾತ್ರ. ಮೂಲೆಗಳಲ್ಲಿ ಟ್ರ್ಯಾಕ್ ಬಾಗುವುದರಿಂದ ಅಲ್ಲಿ ಅಂತರ ಇನ್ನೂ ಕಡಿಮೆ, ಲೆಕ್ಕ ಹಾಕಿದರೆ ಸುಮಾರು ಒಂದು ಮೀಟರ್. ಕಾರ್ನರ್ ಕಿಕ್ ಹೊಡೆಯುವ ಆಟಗಾರ ಓಡಿಬರಲು ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅವನ ಬೂಟಿನ ಮೊಳೆ ಊರುವುದು ಸಿಂಥೆಟಿಕ್ ಟ್ರ್ಯಾಕ್ ಮೇಲೆ. ಜಾಹೀರಾತು ಹಲಗೆ, ಬದಲಿ ಆಟಗಾರರ ಬೆಂಚು, ಕ್ಯಾಮೆರಾ, ಕೇಬಲ್ ಎಲ್ಲಕ್ಕೂ ಜಾಗ ಸಿಗಬೇಕಾದ್ದು ಅದೇ ಓಟದ ಪಥಗಳ ಮೇಲೆ. ತದ್ವಿರುದ್ಧವಾಗಿ, ಜಾವೆಲಿನ್ ಮತ್ತು ಹ್ಯಾಮರ್ ಬಂದು ಬೀಳುವುದು ಫುಟ್‌ಬಾಲ್ ಅಂಕಣದ ಹುಲ್ಲಿನ ಮೇಲೆ. ಹ್ಯಾಮರ್ ಬಿದ್ದ ಗುಳಿ ಮುಚ್ಚದೆ ಉಳಿದರೆ ಮುಂದೆ ಅಲ್ಲಿ ಕಾಲು ಉಳುಕುವುದು ಫುಟ್‌ಬಾಲ್ ಆಟಗಾರನದು. ಇಷ್ಟು ಗೊತ್ತಿದ್ದರೆ, ‘ಇಬ್ಬರೂ ಹೊಂದಿಕೊಂಡು ಹೋಗಲಿ’ ಎಂಬ ಸಲಹೆ ಎಷ್ಟು ತೆಳುವಾದದ್ದು ಎಂದು ತಿಳಿಯುತ್ತದೆ. ಕೇಳಬೇಕಾದ್ದು ಇನ್ನೂ ನಿರ್ದಿಷ್ಟವಾದದ್ದು: ಟ್ರ್ಯಾಕ್ ಮೇಲೆ ರಕ್ಷಣೆಯ ಹಾಸು ಹಾಕುವವರು ಯಾರು, ಹಾನಿಯನ್ನು ಅಳೆಯುವವರು ಯಾರು, ಅದಕ್ಕೆಂದು ಇಟ್ಟ ಠೇವಣಿ ಎಷ್ಟು, ಗುಳಿ ಮುಚ್ಚಲು ಎಷ್ಟು ದಿನದ ಗಡುವು?

ಇದರ ಜೊತೆಗೆ ಒಂದು ವರ್ಷದ ವೇಳಾಪಟ್ಟಿಯನ್ನು ನೀವೇ ಬರೆದುಕೊಳ್ಳಿ. 2024-25ರ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್, ಅಂದರೆ ಐಎಸ್‌ಎಲ್‌ನಲ್ಲಿ 13 ತಂಡಗಳಿದ್ದವು, ಪ್ರತಿ ತಂಡಕ್ಕೆ ತವರಿನಲ್ಲಿ 12 ಲೀಗ್ ಪಂದ್ಯಗಳಿದ್ದವು. ‘ವರ್ಷದಲ್ಲಿ 12 ದಿನ ತಾನೇ’ ಎಂದು ತಂಡದ ಪರವಾದವರು ಹೇಳುತ್ತಾರೆ. ಆದರೆ ಪಂದ್ಯದ ಹಿಂದಿನ ದಿನದ ತಯಾರಿ, ನೇರ ಪ್ರಸಾರದ ಸಾಮಗ್ರಿ ಜೋಡಿಸುವ ದಿನ, ಬಿಚ್ಚುವ ದಿನ ಎಲ್ಲ ಸೇರಿದರೆ ಆ ಲೆಕ್ಕ ಬೇರೆಯೇ ಆಗುತ್ತದೆ. ಇನ್ನೊಂದೆಡೆ, ಅಥ್ಲೀಟ್‌ಗಳ ಅಭ್ಯಾಸ ಬೆಳಗಿನ ಜಾವ ಮತ್ತು ಸಂಜೆ ನಡೆಯುವುದರಿಂದ ನಡುಹಗಲಿನ ತಯಾರಿಯೆಲ್ಲ ಅವರಿಗೆ ಅಡ್ಡಿಯೆಂದು ಹೇಳುವುದೂ ಸರಿಯಲ್ಲ. ದಿನಗಳನ್ನು ಎಣಿಸದೆ, ಬೆಳಗ್ಗೆ ಮತ್ತು ಸಂಜೆಯ ಅಭ್ಯಾಸದ ಗಂಟೆಗಳಲ್ಲಿ ಎಷ್ಟು ನಷ್ಟವಾಯಿತು ಎಂದು ಎಣಿಸಿದರೆ ಎರಡು ಪಕ್ಷಗಳೂ ಒಪ್ಪಬಹುದಾದ ಅಂಕಿ ಸಿಗುತ್ತದೆ. 2022ರ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ, 2023ರ ದಕ್ಷಿಣ ಏಷ್ಯಾ ಮಟ್ಟದ ಸ್ಯಾಫ್ ಫುಟ್‌ಬಾಲ್, 2025ರ ಜುಲೈನಲ್ಲಿ ನಡೆದ ನೀರಜ್ ಚೋಪ್ರಾ ಕ್ಲಾಸಿಕ್ ಜಾವೆಲಿನ್ ಸ್ಪರ್ಧೆ, ಮೂರನ್ನೂ ಇದೇ ಕಂಠೀರವ ನಡೆಸಿಕೊಟ್ಟಿದೆ. ಹಂಚಿಕೊಂಡು ಬಳಸುವುದು ಅಸಾಧ್ಯವೆಂದಲ್ಲ. ಹಂಚಿಕೆಯ ನಿಯಮ ಬರಹದಲ್ಲಿ, ಎಲ್ಲರೂ ನೋಡುವಂತೆ ಇಲ್ಲದಿರುವುದೇ ತೊಂದರೆ.

ಗೇಟಿನ ಹೊರಗೆ ನಿಂತು ನೋಡಿ

2025ರ ಜೂನ್ 3ರಂದು ಆರ್‌ಸಿಬಿ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ಆ ದುರಂತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ, ಭಾರಿ ಜನ ಸೇರುವ ಕಾರ್ಯಕ್ರಮಗಳಿಗೆ ಆ ಕ್ರೀಡಾಂಗಣದ ರಚನೆ ತಕ್ಕುದಲ್ಲ ಎಂದು ಹೇಳಿತು. ಅದಾದ ಮೇಲೆ ರಾಜ್ಯದ ಟಿ20 ಕ್ರಿಕೆಟ್ ಪಂದ್ಯಾವಳಿಯಾದ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು, ಮಹಿಳಾ ವಿಶ್ವಕಪ್‌ನ ಪಂದ್ಯಗಳು ನವಿ ಮುಂಬೈಗೆ ಹೋದವು.

ಇಂಥ ಚರ್ಚೆಯಲ್ಲಿ ಆಸನ ಎಷ್ಟೆಂಬ ಪ್ರಶ್ನೆಗಿಂತ, ಟಿಕೆಟ್ ತೋರಿಸುವ ಮೊದಲು ಜನ ಎಲ್ಲಿ ನಿಲ್ಲುತ್ತಾರೆ ಎಂಬ ಪ್ರಶ್ನೆ ಮುಖ್ಯ. ಪಂದ್ಯವಿಲ್ಲದ ಒಂದು ದಿನ ಕ್ರೀಡಾಂಗಣದ ಸುತ್ತ ಟೇಪು ಹಿಡಿದು ನಡೆದು ಬನ್ನಿ. ಸಾಮಾನ್ಯ ಪ್ರೇಕ್ಷಕರಿಗೆ ತೆರೆಯುವ ಗೇಟುಗಳೆಷ್ಟು, ಪ್ರತಿ ಗೇಟಿನ ಅಗಲವೆಷ್ಟು, ಬಾಗಿಲು ಒಳಕ್ಕೆ ತೆರೆಯುತ್ತದೆಯೋ ಹೊರಕ್ಕೋ, ಸರತಿ ಸಾಲು ಆವರಣದೊಳಗೆ ನಿಲ್ಲುತ್ತದೆಯೋ ಫುಟ್‌ಪಾತ್ ಮೇಲೋ, ಗೇಟಿನೆದುರಿನ ಚರಂಡಿಯ ಕಲ್ಲುಚಪ್ಪಡಿ ಗಟ್ಟಿಯಾಗಿದೆಯೇ, ಆಂಬುಲೆನ್ಸ್ ಯಾವ ದಾರಿಯಲ್ಲಿ ಬರಬೇಕು ಎಂಬುದನ್ನು ಬರೆದುಕೊಂಡು ಫೋಟೊ ತೆಗೆದಿಟ್ಟುಕೊಳ್ಳಿ. ಇದಕ್ಕೆ ಎಂಜಿನಿಯರ್ ಬೇಕಿಲ್ಲ.

ಹೊಸ ಜಾಗದ ಪ್ರಸ್ತಾಪ ಬಂದಾಗಲೂ ಇದೇ ಕ್ರಮ ಅನುಸರಿಸಬಹುದು. ಆನೇಕಲ್ ತಾಲ್ಲೂಕಿನ ಸೂರ್ಯಸಿಟಿಯಲ್ಲಿ ಗೃಹ ಮಂಡಳಿಯ ಮೂಲಕ 80,000 ಆಸನಗಳ ಕ್ರೀಡಾಂಗಣ ಕಟ್ಟುವ, ಸುಮಾರು 1,650 ಕೋಟಿ ರೂಪಾಯಿಯ ಯೋಜನೆಗೆ 2025ರಲ್ಲಿ ಸರ್ಕಾರ ಒಪ್ಪಿಗೆ ನೀಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೊ ಹಳದಿ ಮಾರ್ಗ ತೆರೆದದ್ದರಿಂದ ‘ಮೆಟ್ರೊ ಇದೆಯಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಲೆಕ್ಕ ಹಾಕಿ ನೋಡಿ: ಬಂದವರಲ್ಲಿ ಅರ್ಧದಷ್ಟು, ಅಂದರೆ 40,000 ಮಂದಿ ಮೆಟ್ರೊ ಹಿಡಿಯುತ್ತಾರೆ, ಐದು ನಿಮಿಷಕ್ಕೊಂದು ರೈಲು ಓಡುತ್ತದೆ, ಒಂದೊಂದರಲ್ಲಿ 1,500 ಮಂದಿ ಹತ್ತುತ್ತಾರೆ ಎಂದಿಟ್ಟುಕೊಂಡರೆ, ಗಂಟೆಗೆ ಸಾಗುವುದು 18,000 ಮಂದಿ. ರಾತ್ರಿ ಹನ್ನೊಂದಕ್ಕೆ ಪಂದ್ಯ ಮುಗಿದರೆ ಕೊನೆಯವರು ರೈಲು ಹತ್ತುವ ಹೊತ್ತಿಗೆ ಗಡಿಯಾರದಲ್ಲಿ ನಡುರಾತ್ರಿಯ ಒಂದು ಗಂಟೆ ದಾಟಿರುತ್ತದೆ, ಅದೂ ನಿಲ್ದಾಣದವರೆಗಿನ ದಾರಿಯನ್ನು ಲೆಕ್ಕಕ್ಕೆ ಹಿಡಿಯದೆ. ಊಹೆಯ ಅಂಕಿಗಳನ್ನು ಊಹೆಯೆಂದೇ ಹೇಳಿ ಮಂಡಿಸಿ. ಸರಿಯಾದ ಅಂಕಿ ಕೊಡುವ ಹೊಣೆ ಆಗ ಯೋಜನೆಯವರ ಮೇಲೆ ಬೀಳುತ್ತದೆ.

ಹಣದ ವಿಷಯದಲ್ಲಿ ಒಂದೇ ಸೂಚನೆ ಸಾಕು. ಕಟ್ಟುವ ವೆಚ್ಚವನ್ನು ಎಲ್ಲರೂ ಕೇಳುತ್ತಾರೆ, ನೀವು ವರ್ಷದ ನಿರ್ವಹಣೆಯ ವೆಚ್ಚವನ್ನೂ ಪಂದ್ಯವಿಲ್ಲದ ದಿನಗಳ ಆದಾಯವನ್ನೂ ಕೇಳಿ.

ಕಾಲೇಜು ಮೈದಾನದ ಮಾತು

ವೃತ್ತಿಪರ ತಂಡಕ್ಕೆ ಅಭಿಮಾನಿಗಳಿದ್ದಾರೆ, ಅಥ್ಲೀಟ್‌ಗಳಿಗೆ ಸಂಘವಿದೆ. ಕಾಲೇಜು ತಂಡದ ಪರವಾಗಿ ಮಾತಾಡುವವರು ಯಾರೂ ಇರುವುದಿಲ್ಲ, ಏಕೆಂದರೆ ಆಡುವವರು ಮೂರು ವರ್ಷಕ್ಕೆ ಪದವಿ ಮುಗಿಸಿ ಹೊರಟುಬಿಡುತ್ತಾರೆ. ಮೈಸೂರಿನ ಮಹಾರಾಜ ಕಾಲೇಜು ಮೈದಾನದಂಥ ಜಾಗಗಳಿಗೆ ರಾಜಕೀಯ ಸಮಾವೇಶಗಳು ಬರುತ್ತಲೇ ಇರುತ್ತವೆ. ಪೆಂಡಾಲಿನ ಗೂಟ ಕಿತ್ತ ಕುಳಿಗಳ ನಡುವೆ ಮರುದಿನದ ಅಭ್ಯಾಸ ನಡೆಯಬೇಕಾಗುತ್ತದೆ. ವಿಶ್ವವಿದ್ಯಾಲಯದ ಜಾಗವಾದರೆ ಅಂಥ ಅನುಮತಿಯ ಹಿಂದೆ ಕುಲಸಚಿವರ ಆದೇಶವೋ ಸಿಂಡಿಕೇಟ್ ನಿರ್ಣಯವೋ ಇರಲೇಬೇಕು. ದೈಹಿಕ ಶಿಕ್ಷಣ ನಿರ್ದೇಶಕರ ಬಳಿ ಅಂತರ ಕಾಲೇಜು ಪಂದ್ಯಗಳ ಮತ್ತು ಅಂತರ ವಿಶ್ವವಿದ್ಯಾಲಯ ಆಯ್ಕೆಯ ದಿನಾಂಕಗಳಿರುತ್ತವೆ. ಅವನ್ನು ವರ್ಷದ ಆರಂಭದಲ್ಲೇ ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವಂತೆ ಅವರನ್ನು ಕೋರಿ. ತಾವೇ ವಿರೋಧಿಸಲಾಗದ ನೌಕರರಿಗೆ ಆ ಮೊಹರು ಬಿದ್ದ ಪ್ರತಿ ದೊಡ್ಡ ಆಸರೆ.

ಅರ್ಜಿ ಬರೆಯುವ ಕ್ರಮ

ಮಾಹಿತಿ ಹಕ್ಕಿನ ಅರ್ಜಿಗೆ ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಗುತ್ತಿಗೆ, ಹಾನಿ, ಸುರಕ್ಷತೆ ಮೂರನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಹಿಂದಿರುಗಿಸಲು ಕಚೇರಿಯವರಿಗೆ ನೆಪ ಸಿಗುತ್ತದೆ. ‘ಏಕೆ ಕೊಟ್ಟಿರಿ’ ಎಂದು ಕೇಳಬೇಡಿ, ದಾಖಲೆಯನ್ನು ಕೇಳಿ. ಮಾದರಿ ಹೀಗಿರಲಿ: ‘ಕಳೆದ ಎರಡು ಆರ್ಥಿಕ ವರ್ಷಗಳಲ್ಲಿ ಸದರಿ ಕ್ರೀಡಾಂಗಣವನ್ನು ಬಾಡಿಗೆಗೆ ನೀಡಿದ ದಿನಾಂಕಗಳು, ಬಾಡಿಗೆ ಪಡೆದವರ ಹೆಸರು, ವಸೂಲಾದ ಮೊತ್ತ ಮತ್ತು ಹಾನಿಗಾಗಿ ಮುಟ್ಟುಗೋಲು ಹಾಕಿಕೊಂಡ ಠೇವಣಿಯ ವಿವರಗಳಿರುವ ವಹಿಯ ದೃಢೀಕೃತ ನಕಲನ್ನು ಒದಗಿಸಲು ಕೋರುತ್ತೇನೆ.’ ಖಾಸಗಿ ಸಂಸ್ಥೆ ಅಥವಾ ಕ್ರೀಡಾ ಸಂಘಕ್ಕೆ ಬರೆದು ಕಾಲ ಕಳೆಯುವುದಕ್ಕಿಂತ ಜಾಗ ಕೊಟ್ಟ ಇಲಾಖೆಗೆ ಬರೆಯುವುದು ಮೇಲು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಫಲ ಸಿಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು.

‘ನಿಮಗೂ ಈ ಮೈದಾನಕ್ಕೂ ಏನು ಸಂಬಂಧ’ ಎಂಬ ಪ್ರಶ್ನೆ ಎದುರಾಗಬಹುದು. ಬೆಂಗಳೂರಿನ ಸದಾಶಿವನಗರ ಭಾಗದಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆಯನ್ನು ಒಪ್ಪಲಿಲ್ಲ, ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂದಿತು. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದು 1985ರ ರಾಜ್ಯ ಅಧಿನಿಯಮವೂ ಇದೆ. ನಿಮ್ಮ ಮೈದಾನ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂದು ವಕೀಲರೊಬ್ಬರಿಂದ ಕೇಳಿ ತಿಳಿದ ಮೇಲೆಯೇ ಅದನ್ನು ಮನವಿಯಲ್ಲಿ ಉಲ್ಲೇಖಿಸಿ.

ಮನವಿ ಒಂದು ಪುಟ ಮೀರದಿರಲಿ. ಜಿಲ್ಲಾ ಕ್ರೀಡಾಂಗಣವಾದರೆ ಜಿಲ್ಲಾಧಿಕಾರಿಗಳಿಗೂ ಕ್ರೀಡಾ ಇಲಾಖೆಯ ಜಿಲ್ಲಾ ಅಧಿಕಾರಿಗೂ ಪ್ರತ್ಯೇಕ ಪ್ರತಿ ಕೊಡಿ. ತಂಡವನ್ನು ಹೊರಹಾಕಿ ಎಂಬ ಕೋರಿಕೆ ಹೆಚ್ಚಾಗಿ ಕಡತದಲ್ಲೇ ಉಳಿಯುತ್ತದೆ. ‘ಬೆಳಗ್ಗೆ ಒಂಬತ್ತರವರೆಗೆ ಟ್ರ್ಯಾಕ್ ಮೇಲೆ ಯಾವ ಸಾಮಗ್ರಿಯೂ ಇರಕೂಡದು, ಪಂದ್ಯಗಳ ಪಟ್ಟಿಯನ್ನು ತಿಂಗಳು ಮುಂಚಿತವಾಗಿ ಗೇಟಿನಲ್ಲಿ ಅಂಟಿಸಬೇಕು’ ಎಂಬಂಥ ಕೋರಿಕೆಗೆ ಅಧಿಕಾರಿ ಒಂದೇ ಸಹಿಯಲ್ಲಿ ಒಪ್ಪಬಹುದು. ಈ ಸಲ ನಿರ್ಣಯ ನಿಮಗೆ ವಿರುದ್ಧವಾಗಿ ಬಂದರೂ ಗುತ್ತಿಗೆ ಮುಗಿಯುವ ದಿನಾಂಕವನ್ನು ಬರೆದಿಟ್ಟುಕೊಂಡು, ಅದಕ್ಕೆ ಆರು ತಿಂಗಳಿರುವಾಗ ನವೀಕರಣದ ಕಡತ ಯಾರ ಮೇಜಿನಲ್ಲಿದೆ ಎಂದು ಕೇಳಿ ಹೊಸ ಅರ್ಜಿ ಹಾಕಿ, ಏಕೆಂದರೆ ಷರತ್ತು ಸೇರಿಸಲು ಸಾಧ್ಯವಾಗುವುದು ಆ ಸಹಿ ಬೀಳುವ ಮೊದಲು ಮಾತ್ರ.