ಒಂದು ಕಂಪ್ಯೂಟರ್, ಎರಡು ಕಾರ್ಡು, ಒಂದು ಚೀಟಿ

ನನ್ನ ಹಳೇ ಕಂಪ್ಯೂಟರ್ 2014ರದ್ದು. ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್. ಹನ್ನೊಂದು ವರ್ಷ ಅದರಲ್ಲೇ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಊರಿನ ಜಾತ್ರೆಯ ಕರಪತ್ರ ಎಲ್ಲ ಟೈಪ್ ಮಾಡಿದ್ದೇನೆ. ತುಮಕೂರಿನ ಎಸ್.ಎಸ್. ಪುರಂನಲ್ಲಿ ನಮ್ಮ ಮನೆ. ಬೀದಿ ಕಡೆಯ ರೂಮೇ ನನ್ನ ಆಫೀಸು.

ಪಾಪ, ಅದು ಕೆಟ್ಟಿರಲಿಲ್ಲ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು, ಮಾಮೂಲಿ ಸುರಕ್ಷತಾ ಅಪ್‌ಡೇಟ್ ನಿಂತಿತು. ವಿಂಡೋಸ್ 11 ಹಾಕೋಣ ಎಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು, ಟಿಪಿಎಂ 2.0 ಎಂಬ ಸುರಕ್ಷತಾ ಭಾಗ ಬೇಕು. ನನ್ನದರಲ್ಲಿ ಎರಡೂ ಇಲ್ಲ. ಹೆಸರು ನೋಂದಾಯಿಸಿಕೊಂಡು ಇನ್ನೊಂದು ವರ್ಷ ಎಳೆಯಬಹುದಿತ್ತು. ಆದರೆ ಜನ ನನ್ನ ಹತ್ತಿರ ಆಧಾರ್ ಕಾಪಿ, ಪಾನ್ ಕಾಪಿ ಎಲ್ಲ ಕೊಟ್ಟು ಹೋಗುತ್ತಾರೆ. ನೆಟ್ ಬ್ಯಾಂಕಿಂಗೂ ಅದರಲ್ಲೇ. ಸುಮ್ನೆ ಯಾಕೆ ಅಂತ ಹೊಸದು ತೆಗೆದುಕೊಳ್ಳಲು ತೀರ್ಮಾನ ಮಾಡಿದೆ.

ವಿಂಡೋಸ್ ಬದಲು ಲಿನಕ್ಸ್ ಹಾಕಿಬಿಡಮ್ಮ, ಹಳೇದರಲ್ಲೇ ಓಡುತ್ತೆ ಎಂದಳು ಮಗಳು. ಅವಳು ಹೇಳಿದ್ದು ಸರಿಯೇ. ಆದರೆ ಹಳೇ ನುಡಿ ಫಾಂಟಿನ ಫೈಲುಗಳು ನನ್ನ ಹತ್ತಿರ ಸಾವಿರಾರು ಇವೆ. ಪ್ರೆಸ್ಸಿನವರೂ ಅದನ್ನೇ ಕೇಳುತ್ತಾರೆ. ಅವೆಲ್ಲ ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಈಗಿನ ಅಕ್ಷರ ಪದ್ಧತಿಯಲ್ಲಿಲ್ಲ. ಆ ತಲೆನೋವು ಬೇಡ ಅನ್ನಿಸಿತು.

ಕಂಪ್ಯೂಟರ್ ಆರಿಸಲು ಎರಡು ದಿನ ಸಾಕಾಯಿತು. ಬಿ.ಎಚ್. ರಸ್ತೆಯ ದೊಡ್ಡ ಷೋರೂಮಿನಲ್ಲಿ ಒಂದು ಕಂಪನಿ ಸೆಟ್ ಇತ್ತು. ಮಾನಿಟರ್, ವಿಂಡೋಸ್ ಎಲ್ಲ ಸೇರಿ 54,000. ಆದರೆ ರ‍್ಯಾಮ್ ಎಂಬ ಕೆಲಸದ ಮೆಮೊರಿ ಬರೀ 8 ಜಿಬಿ. ನಾನು ಹತ್ತು ವರ್ಷದಿಂದ ಹೋಗುವ ಸಣ್ಣ ಅಂಗಡಿಯಲ್ಲಿ ಜೋಡಿಸಿ ಕೊಡುವುದಕ್ಕೆ ಲೆಕ್ಕ ಹಾಕಿಸಿದೆ. ರೈಜನ್ 5 5600ಜಿ ಪ್ರೊಸೆಸರ್ 11,600, ಬೋರ್ಡು 6,300, 16 ಜಿಬಿ ರ‍್ಯಾಮ್ 7,800, ಫೈಲು ಇಡಲು 500 ಜಿಬಿ ಎಸ್‌ಎಸ್‌ಡಿ 3,900, ಕ್ಯಾಬಿನೆಟ್ ಮತ್ತು ಕರೆಂಟ್ ಒದಗಿಸುವ ಎಸ್‌ಎಂಪಿಎಸ್ 4,200, ಮಾನಿಟರ್ 7,300, ಕೀಬೋರ್ಡು ಮೌಸು 1,100. ಒಟ್ಟು 42,200. ಗ್ರಾಫಿಕ್ಸ್ ಭಾಗ ಪ್ರೊಸೆಸರಿನ ಒಳಗೇ ಇರುವುದರಿಂದ ಬೇರೆ ಗ್ರಾಫಿಕ್ಸ್ ಕಾರ್ಡು ಬೇಡ. ನಾನೇನು ಗೇಮ್ ಆಡಬೇಕಾ?

ರ‍್ಯಾಮ್ ರೇಟು ಕೇಳಿ ಮಾತ್ರ ಬೆಚ್ಚಿದೆ. ಸೆಪ್ಟೆಂಬರ್‌ನಲ್ಲಿ ಇದೇ ಅಂಗಡಿಯಲ್ಲಿ ಅದರ ಅರ್ಧ ಹೇಳಿದ್ದರು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೋಗುತ್ತಿದೆ, ನಮ್ಮಂಥವರಿಗೆ ಉಳಿದದ್ದು ದುಬಾರಿ. ಅಂಗಡಿಯ ಹುಡುಗನೂ ಅದನ್ನೇ ಹೇಳಿದ: “ಮುಂದಿನ ತಿಂಗಳು ಇನ್ನೂ ಜಾಸ್ತಿ ಅಕ್ಕ, ಇವತ್ತೇ ತಗೊಳ್ಳಿ.” ವ್ಯಾಪಾರದವರು ಯಾವಾಗಲೂ ಹೀಗೇ ಹೇಳುತ್ತಾರೆ, ಈ ಸಲ ನಿಜವಾಗಿತ್ತು ಅಷ್ಟೇ.

“ವಿಂಡೋಸ್ ಹಾಕಿ ಕೊಡ್ತೀನಿ, ಅದಕ್ಕೇನೂ ಕೊಡಬೇಡಿ” ಅಂತಲೂ ಹೇಳಿದ. ಪುಕ್ಕಟೆ ವಿಂಡೋಸ್ ಯಾವುದು ಅಂತ ಎಲ್ಲರಿಗೂ ಗೊತ್ತು. ನಾನು ಬಿಲ್ಲಿನ ಸಮೇತ ಲೈಸೆನ್ಸೇ ತೆಗೆದುಕೊಂಡೆ, 9,200. ಅಲ್ಲಿಗೆ 51,400 ಆಯಿತು. ಜೋಡಿಸಿದ್ದು ಅಗ್ಗ ಎನ್ನುವವರು ಈ ಲೆಕ್ಕ ಬಿಟ್ಟೇ ಮಾತಾಡುತ್ತಾರೆ. ಆದರೂ ರ‍್ಯಾಮ್ ಎರಡರಷ್ಟು ಸಿಕ್ಕಿತು, ಕೆಟ್ಟರೆ ಹುಡುಗ ಸ್ಕೂಟರಿನಲ್ಲಿ ಮನೆಗೇ ಬರುತ್ತಾನೆ. ನನಗೆ ಅದು ಮುಖ್ಯ.

ಇನ್ನು ದುಡ್ಡು. ಕೈಯಲ್ಲಿದ್ದದ್ದು 22,000. ನಮ್ಮ ಬೀದಿಯ ಹೆಂಗಸರ ಐವತ್ತು ಸಾವಿರದ ಚೀಟಿಯಲ್ಲಿ ಕೊನೇ ಕಂತು ನನ್ನದು, ಜನವರಿ 5ಕ್ಕೆ. ಕೊನೆಯದನ್ನು ಕೂಗುವಂತಿಲ್ಲ, ಪೂರ್ತಿ ಬರುತ್ತದೆ. ನವೆಂಬರ್‌ನಲ್ಲೇ ಕೂಗಿ ಎತ್ತಿದರೆ ಮೂರು ಸಾವಿರವಾದರೂ ಬಿಡಬೇಕಿತ್ತು.

ಷೋರೂಮಿನವರು ನೋ ಕಾಸ್ಟ್ ಇಎಂಐ ಅಂದರು. ಆರು ತಿಂಗಳು, ತಿಂಗಳಿಗೆ 9,000, ಬಡ್ಡಿಯೇ ಇಲ್ಲವಂತೆ. ಬಡ್ಡಿಯಿಲ್ಲದ ಸಾಲ ಎನ್ನುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಆಗುವುದು ಏನೆಂದರೆ, ಬಡ್ಡಿಯಷ್ಟು ಮೊತ್ತವನ್ನು ಮೊದಲೇ ಡಿಸ್ಕೌಂಟ್ ಎಂದು ಕಳೆದು, ಆಮೇಲೆ ಇಎಂಐನಲ್ಲಿ ಬ್ಯಾಂಕ್ ಅದನ್ನು ಬಡ್ಡಿಯಾಗಿ ವಸೂಲಿ ಮಾಡುತ್ತದೆ. ಶೇ. 16ರ ಬಡ್ಡಿ ಎಂದರೆ ಸಾಲ ಸುಮಾರು 51,567, ಬಡ್ಡಿ 2,433. ಬಡ್ಡಿ ಡಿಸ್ಕೌಂಟಿನಲ್ಲಿ ಮುಚ್ಚಿಹೋಗುತ್ತದೆ, ಸರಿ. ಆದರೆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ 438 ರೂಪಾಯಿ ನಮ್ಮ ತಲೆಗೆ. ಪ್ರೊಸೆಸಿಂಗ್ ಶುಲ್ಕ 199, ಅದಕ್ಕೂ ಜಿಎಸ್‌ಟಿ, 235. ಒಂದೇ ಸಲ ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಕೇಳಿದೆ. 1,500 ಅಂದರು. ಅಂದರೆ ಇಎಂಐ ಆರಿಸಿದರೆ ಅದೂ ಹೋಯಿತು. ಎಲ್ಲ ಕೂಡಿಸಿದರೆ 2,173. ನೋ ಕಾಸ್ಟಿನ ಕಾಸ್ಟು ಇದು. ಅಲ್ವಾ?

ಹಾಗಾಗಿ ಕ್ರೆಡಿಟ್ ಕಾರ್ಡಿನ ಬಿಟ್ಟಿ ದಿನಗಳನ್ನೇ, ಅಂದರೆ ಕೊಂಡ ದಿನದಿಂದ ಕಟ್ಟುವ ಕೊನೇ ದಿನದವರೆಗಿನ ಬಡ್ಡಿಯಿಲ್ಲದ ದಿನಗಳನ್ನೇ, ಬಳಸಲು ಯೋಚಿಸಿದೆ. ನನ್ನ ಹತ್ತಿರ ಎರಡು ಕಾರ್ಡು. ಒಂದರ ಮಿತಿ 40,000, ಪ್ರತಿ ತಿಂಗಳು 18ಕ್ಕೆ ಸ್ಟೇಟ್‌ಮೆಂಟ್, ಅದಾಗಿ ಇಪ್ಪತ್ತು ದಿನಕ್ಕೆ ಕಟ್ಟಬೇಕು. ಇನ್ನೊಂದರ ಮಿತಿ 60,000, ಸ್ಟೇಟ್‌ಮೆಂಟ್ 3ಕ್ಕೆ, ಕಟ್ಟುವ ಕೊನೇ ದಿನ 23. ನವೆಂಬರ್ 17ಕ್ಕೆ ಮೊದಲನೇ ಕಾರ್ಡು ಉಜ್ಜಿದರೆ ಡಿಸೆಂಬರ್ 8ಕ್ಕೆ ಕಟ್ಟಬೇಕು, 21 ದಿನ. 19ಕ್ಕೆ ಉಜ್ಜಿದರೆ ಅದು ಡಿಸೆಂಬರ್ 18ರ ಸ್ಟೇಟ್‌ಮೆಂಟಿಗೆ ಹೋಗುತ್ತದೆ, ಜನವರಿ 7ಕ್ಕೆ ಕಟ್ಟಿದರೆ ಸಾಕು. 49 ದಿನ. ಎರಡು ದಿನ ಕಾದದ್ದಕ್ಕೆ ಒಂದು ತಿಂಗಳು! ಚೀಟಿ ದುಡ್ಡೂ ಅಷ್ಟರಲ್ಲಿ ಕೈ ಸೇರುತ್ತದೆ. ಮೊದಲನೇದರಲ್ಲಿ 30,000, ಎರಡನೇದರಲ್ಲಿ 21,400 ಎಂದು ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ.

ಇಷ್ಟು ಲೆಕ್ಕ ಯಾಕೆ ಎಂದರೆ ನನಗೆ ಒಮ್ಮೆ ಕೈ ಸುಟ್ಟಿದೆ. 2019ರಲ್ಲಿ ಫ್ರಿಜ್ ತೆಗೆದುಕೊಂಡಾಗ 18,000 ಬಿಲ್ಲಿಗೆ ಕನಿಷ್ಠ ಮೊತ್ತ 900 ಮಾತ್ರ ಕಟ್ಟಿ ನಿರಾಳವಾಗಿದ್ದೆ. ಮುಂದಿನ ತಿಂಗಳು ಬಡ್ಡಿ, ಅದರ ಮೇಲೆ ಜಿಎಸ್‌ಟಿ ಸೇರಿ ಸಾವಿರ ದಾಟಿತ್ತು. ತಿಂಗಳಿಗೆ ಶೇ. 3.5, ಅದೂ ಕೊಂಡ ದಿನದಿಂದ. ಪೂರ್ತಿ ಕಟ್ಟದಿದ್ದರೆ ಹೊಸದಾಗಿ ಕೊಂಡ ದಿನಸಿಗೂ ಬಿಟ್ಟಿ ದಿನ ಇರುವುದಿಲ್ಲ. ಕಾರ್ಡು ಮಾರಲು ಬಂದವರು ಇದನ್ನು ಹೇಳಿರಲಿಲ್ಲ.

ಅಂಗಡಿಯಲ್ಲಿ ಕಾರ್ಡಿಗೆ ಎರಡು ಪರ್ಸೆಂಟ್ ಜಾಸ್ತಿ ಕೇಳಿದರು, ಅಂದರೆ 1,028. ಐವತ್ತು ಸಾವಿರ ಉಳಿತಾಯ ಖಾತೆಯಲ್ಲಿ 49 ದಿನ ಬಿದ್ದಿದ್ದರೂ ಇನ್ನೂರು ರೂಪಾಯಿ ಬಡ್ಡಿ ಬರುವುದಿಲ್ಲ. ಪೂರ್ತಿ ದುಡ್ಡು ಕೈಯಲ್ಲಿದ್ದಿದ್ದರೆ ನಾನು ಕಾರ್ಡು ತೆಗೆಯುತ್ತಲೇ ಇರಲಿಲ್ಲ. ಚೌಕಾಸಿ ಮಾಡಿ ಐನೂರಕ್ಕೆ ಇಳಿಸಿ, ಅದನ್ನು ನಗದು ಕೊಟ್ಟೆ.

19ನೇ ತಾರೀಖು ಮೊದಲನೇ ಕಾರ್ಡು ಕೊಟ್ಟೆ. ಮೆಷಿನ್ ಸುಮಾರು ಹೊತ್ತು ಯೋಚನೆ ಮಾಡಿ ಕೈಚೆಲ್ಲಿತು. ಸ್ಲಿಪ್ ಬರಲಿಲ್ಲ. ನನ್ನ ಮೊಬೈಲಿಗೆ ಮಾತ್ರ 30,000 ಹೋಯಿತು ಅಂತ ಮೆಸೇಜು ಬಂತು. ಅಂಗಡಿಯವರ ಕಡೆ ಏನೂ ಇಲ್ಲ. ಮಿತಿಯಲ್ಲಿ ಉಳಿದದ್ದು ಹತ್ತು ಸಾವಿರ, ಮತ್ತೆ ಉಜ್ಜುವ ಹಾಗೂ ಇಲ್ಲ.

ಬ್ಯಾಂಕಿಗೆ ಫೋನು ಮಾಡಿದೆ. ಒಂದು ಒತ್ತಿ, ಮೂರು ಒತ್ತಿ ಅಂತ ಇಪ್ಪತ್ತು ನಿಮಿಷ. ಕೊನೆಗೆ ಸಿಕ್ಕವರು ಕಾಯಿರಿ ಅಂದರು. ರಿಸರ್ವ್ ಬ್ಯಾಂಕಿನ 2019ರ ನಿಯಮ ನನಗೆ ಗೊತ್ತಿತ್ತು: ಅಂಗಡಿಯ ಮೆಷಿನ್‌ನಲ್ಲಿ ಸ್ಲಿಪ್ ಬರದೆ ದುಡ್ಡು ಕಡಿತವಾದರೆ, ವ್ಯವಹಾರದ ದಿನದ ನಂತರ ಐದು ದಿನದೊಳಗೆ ವಾಪಸ್ ಬರಬೇಕು, ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ. ಅದನ್ನು ಹೇಳಿ ದೂರಿನ ನಂಬರ್ ಬರೆದುಕೊಂಡೆ.

ಲೆಕ್ಕ ತಿರುವುಮುರುವಾಯಿತು. ಎರಡನೇ ಕಾರ್ಡಿನಲ್ಲಿ 30,000 ಉಜ್ಜಿದೆ. ಉಳಿದ 21,400ಕ್ಕೆ ಅಂಗಡಿಯವರು, “ತಗೊಂಡು ಹೋಗಿ ಅಕ್ಕ, ನಾಲ್ಕು ದಿನ ಬಿಟ್ಟು ಬನ್ನಿ” ಅಂದರು. ಒಂದು ಹಳೇ ನೋಟ್‌ಬುಕ್ಕಿನಲ್ಲಿ ನನ್ನ ಹೆಸರು ಬರೆದರು, ಅಷ್ಟೇ. ಓಟಿಪಿ ಇಲ್ಲ, ಪಿನ್ ಇಲ್ಲ. ನಾನು ಬಿಲ್ಲಿನಲ್ಲಿ ಪ್ರತಿಯೊಂದು ಭಾಗದ ಸೀರಿಯಲ್ ನಂಬರ್ ಬರೆಸಿಕೊಂಡೆ. ಅದಿಲ್ಲದೆ ಮೂರು ವರ್ಷದ ವಾರಂಟಿ ಬರೀ ಬಾಯಿಮಾತು.

ನಾಲ್ಕನೇ ದಿನ ಮೊದಲನೇ ಕಾರ್ಡಿಗೆ 30,000 ವಾಪಸ್ ಬಂತು. ಮಾರನೇ ದಿನ ಹೋಗಿ 21,400 ಉಜ್ಜಿದೆ. ಸ್ಲಿಪ್ ಬರುವವರೆಗೂ ಇಬ್ಬರೂ ಮೆಷಿನ್ನನ್ನೇ ನೋಡುತ್ತಿದ್ದೆವು.

ಆದರೆ ಡಿಸೆಂಬರ್ 23ಕ್ಕೆ ಈಗ 30,000 ಬೇಕು. ಕೈಯಲ್ಲಿದ್ದದ್ದು 22,000. ಧನುರ್ಮಾಸ ಶುರುವಾದರೆ ಮದುವೆ ಇಲ್ಲ, ಕಾರ್ಡಿನ ಕೆಲಸವೂ ಇಲ್ಲ. ನಾನು 12ನೇ ತಾರೀಖೇ ಹೊರಪೇಟೆಯ ಪ್ರೆಸ್ಸಿಗೆ ಹೋಗಿ ಕೂತೆ. “ಅಣ್ಣ, ಕಾರ್ತೀಕದಿಂದ ಒಂಬತ್ತು ಸಾವಿರ ಬಾಕಿ ಇದೆ” ಅಂದೆ. “ಸಂಕ್ರಾಂತಿ ಮುಗೀಲಿ ತಾಯಿ” ಅಂದರು. ನಾನು ಏಳಲಿಲ್ಲ. ಎರಡು ಟೀ ಆದಮೇಲೆ ಗಲ್ಲಾ ತೆಗೆದರು.

21ಕ್ಕೇ ಎರಡನೇ ಕಾರ್ಡಿನ ಬಿಲ್ಲು ಕಟ್ಟಿದೆ, ಕೊನೇ ದಿನದವರೆಗೆ ಕಾಯಲಿಲ್ಲ. ಜನವರಿ 5ರ ಸಂಜೆ ಚೀಟಿ ದುಡ್ಡು ಬಂತು, 6ಕ್ಕೆ ಮೊದಲನೇದೂ ಮುಗಿಯಿತು. ಹಳೇ ಕಂಪ್ಯೂಟರಿಗೆ ಮಗಳು ಲಿನಕ್ಸ್ ಹಾಕಿಕೊಂಡಿದ್ದಾಳೆ. ಚೆನ್ನಾಗೇ ಓಡುತ್ತಿದೆ.